ಕರಿಯರಗಿನ ಮುದ್ರೆ

ಆಂಬ್ರೋಸ್ ಫಿಚೆಟ್ಟರ ಮನೆಯಲ್ಲಿ ಪತ್ರಕ್ಕೆ ಮುದ್ರೆ ಒತ್ತುವ ಕೆಂಪರಗು ಮುಗಿದುಹೋಗಿತ್ತು. ಎಲ್ಲ ಶುರುವಾದದ್ದು ಇಷ್ಟರಿಂದಲೇ. ಪತ್ರ ಮಡಚಿ, ಮೇಣದಬತ್ತಿ ಹಚ್ಚಿ ಕುಳಿತವರು ಮೇಜಿನ ಗೂಡುಗಳನ್ನೆಲ್ಲ ತಡಕಿದಾಗ ಸಿಕ್ಕಿದ್ದು ಹೆಂಡತಿ ಸತ್ತ ವರ್ಷ ತರಿಸಿದ್ದ ಕರಿಯರಗಿನ ಮೊಂಡು ತುಂಡು. ಪತ್ರಕ್ಕೆ ಕರಿಯರಗಿನ ಮುದ್ರೆ ಬಿತ್ತೆಂದರೆ ಬರೆದವರ ಮನೆಯಲ್ಲಿ ಸಾವಾಗಿದೆ ಎಂದೇ ನಮ್ಮ ಕೊಲ್ಲಿಯ ದಂಡೆಯಲ್ಲಿ ಲೆಕ್ಕ. ಆದರೆ ಒಂದು ಚೂರು ಅರಗಿಗಾಗಿ ನೆರೆಮನೆಗೆ ಹೋದರೆ ನಾಳೆ ನೆರೆಯವರು ಬಂದು ಇನ್ನೇನನ್ನಾದರೂ ಕೇಳುತ್ತಾರೆ ಎಂಬ ಭಯ ಫಿಚೆಟ್ಟರಿಗೆ. ಕರಿಯರಗನ್ನೇ ಕರಗಿಸಿ ಒತ್ತಿದರು.

ಪತ್ರ ಬಾಲ್ಟಿಮೋರಿನಲ್ಲಿ ವರ್ತಕನಾಗಿದ್ದ ಹೆಂಡತಿಯ ಅಣ್ಣ ಗಾಡ್‌ಫ್ರೀ ಹ್ಯಾಂಕಿನ್‌ಗೆ. ಮೊದಲು ಭಾವನ ಕಾಲುನೋವಿನ ವಿಚಾರಣೆ, ಆಮೇಲೆ ಈ ಸಲದ ಹೊಗೆಸೊಪ್ಪಿಗೆ ಮಳೆ ಮಾಡಿದ ಅನ್ಯಾಯ, ಕೊನೆಗೆ ಒಂದು ಸಕ್ಕರೆ ಗಡ್ಡೆ ಮತ್ತು ಕೆಂಪರಗು ಕಳಿಸಬೇಕೆಂಬ ಕೋರಿಕೆ. ಹೊಗೆಸೊಪ್ಪಿಗೂ ಸಕ್ಕರೆಗೂ ನಡುವೆ ಎರಡು ಸಾಲು ಬೇರೆ ಇದ್ದವು. ಅಡುಗೆ ಮಾಡುವ ಗುಲಾಮ ಹೆಂಗಸು ಲೇಯಾಳ ಮಗಳು ಜುಡಿತ್ ಈಗ ಬೆಳೆದಿದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ. ದಕ್ಷಿಣದ ತೋಟಗಳವರು ಯಾರಾದರೂ ಕೊಳ್ಳುವವರಿದ್ದರೆ ಗೊತ್ತುಮಾಡಿ, ಆದರೆ ಗುಟ್ಟಾಗಿ.

ಗುಟ್ಟು ಏಕೆಂದರೆ, ಫಿಚೆಟ್ಟರು ನಮ್ಮೂರಿನ ಪುಣ್ಯವಂತರು. ಎರಡು ವರ್ಷದ ಹಿಂದೆ ಕುದುರೆಯೇರಿ ಬಂದ ಬೋಧಕನೊಬ್ಬ ಮರದ ಕೆಳಗೆ ನಿಂತು ಊರನ್ನೆಲ್ಲ ಅಳಿಸಿದಾಗ ಅವರೂ ಅತ್ತಿದ್ದರು. ಆ ಅಳುವಿನ ಬಿಸಿ ಆರುವ ಮೊದಲೇ ಉಯಿಲು ಬರೆಸಿದ್ದರು: ತಾನು ಸತ್ತ ದಿನವೇ ತನ್ನ ಗುಲಾಮರೆಲ್ಲ ಸ್ವತಂತ್ರರು. ಅಂದಿನಿಂದ ಪ್ರಾರ್ಥನೆಯ ಮನೆಯಲ್ಲಿ ಅವರಿಗೆ ಮುಂದಿನ ಸಾಲು. ಸಾಯುವ ತನಕ ಕೈಯಿಂದ ಏನೂ ಜಾರುವಂತಿಲ್ಲ, ಗೌರವ ಮಾತ್ರ ಈಗಲೇ. ಇಷ್ಟು ಲಾಭದ ವ್ಯಾಪಾರವನ್ನು ಅವರ ಭಾವನೂ ಮಾಡಿರಲಿಕ್ಕಿಲ್ಲ.

ಪತ್ರ ಹೊತ್ತು ದೋಣಿದಕ್ಕೆಯ ಪಡಖಾನೆಗೆ ಹೋದರು. ಅದನ್ನು ನಡೆಸುವವರು ವಿಧವೆ ಟ್ಯಾಬಿತಾ ಮ್ಯಾಪಮ್ಮ. ಹಾಯಿಹಡಗಿನ ಟಪಾಲು ಚೀಲ ಅಲ್ಲೇ ಬಾಗಿಲ ಮೊಳೆಗೆ ನೇತಾಡುತ್ತದೆ. ಮ್ಯಾಪಮ್ಮ ಒಳಗೆ ರೊಟ್ಟಿ ತಟ್ಟುತ್ತಿದ್ದರು. ಫಿಚೆಟ್ಟರು ಪತ್ರವನ್ನು ಚೀಲಕ್ಕೆ ಹಾಕಿ ಬೆಕ್ಕಿನ ಹಾಗೆ ಹೊರಬಿದ್ದರು. ಮನೆಗೆ ಹೋಗಿ ಲೇಯಾ ಬಡಿಸಿದ ಊಟ ಮಾಡುವ ಧೈರ್ಯ ಆಗಲಿಲ್ಲ. ಹಳ್ಳದ ಬಾಯಲ್ಲಿರುವ ಜೊಂಡಿನ ದ್ವೀಪದಲ್ಲಿ ಮೇಯಲು ಬಿಟ್ಟ ಕರುಗಳನ್ನು ನೋಡಿ ಬರುತ್ತೇನೆಂದು ತಮಗೆ ತಾವೇ ಹೇಳಿಕೊಂಡು ದೋಣಿ ಹತ್ತಿದರು.

ದ್ವೀಪದಲ್ಲಿ ದೋಣಿಯನ್ನು ಕೆಸರಿನ ಮೇಲೆಳೆದು ಬಿಟ್ಟರು, ಕಟ್ಟಲಿಲ್ಲ. ಕರುಗಳ ಬೆನ್ನು ತಟ್ಟಿ ತಿರುಗಿ ಬರುವಷ್ಟರಲ್ಲಿ ಉಬ್ಬರದ ನೀರು ಅದನ್ನು ಎತ್ತಿಕೊಂಡು ಹಳ್ಳದ ಒಳಕ್ಕೆ, ನೇರ ದಕ್ಕೆಯ ಕಡೆಗೆ, ಒಯ್ಯುತ್ತಿತ್ತು. ಹಿಡಿಯಲು ನುಗ್ಗಿದವರು ತೊಡೆಮಟ್ಟ ಹೂತುಕೊಂಡರು. ಒಂದು ಕಾಲು ಎಳೆದರೆ ಇನ್ನೊಂದು ಇಳಿಯಿತು, ಬೂಟುಗಳು ಅಲ್ಲೇ ಉಳಿದವು, ಮುಗ್ಗರಿಸಿ ಬಿದ್ದಾಗ ಮುಖಕ್ಕೂ ಕೆಸರು ಮೆತ್ತಿತು. ಕರುಗಳು ಸುತ್ತ ನಿಂತು ನೋಡಿದವು. ಕಡೆಗೆ ದಿಬ್ಬಕ್ಕೆ ತೆವಳಿ ಬಂದು, ಅಂಗಿ ಬಿಚ್ಚಿ ದಕ್ಕೆಯ ಕಡೆಗೆ ಬೀಸಿಯೇ ಬೀಸಿದರು. ಯಾರೂ ಬರಲಿಲ್ಲ. ಸೊಳ್ಳೆಗಳು ಮಾತ್ರ ಬಂದವು.

ಮಧ್ಯಾಹ್ನ ಕಳೆದ ಮೇಲೆ ಸಿಂಪಿ ತೆಗೆಯುವ ಪರ್ನೆಲ್‌ನ ದೋಣಿ ಬಂತು. ಕೆಸರಿನಲ್ಲಿ ಅದ್ದಿ ತೆಗೆದ ಹಾಗಿದ್ದ ಆಸಾಮಿಯನ್ನು ಅವನು ಗುರುತು ಹಿಡಿಯಲಿಲ್ಲ, ಅಥವಾ ಹಾಗೆ ಕಂಡಿತು. ಹತ್ತಿಸಿಕೊಂಡು, ಹುಟ್ಟು ಹಾಕುತ್ತ ಊರಿನ ಸುದ್ದಿ ಹೇಳಿದ.

"ಫಿಚೆಟ್ಟು ಹೋಗ್ಬಿಟ್ಟ, ಗೊತ್ತಾಯ್ತಾ? ಬರೀ ದೋಣಿ ತೇಲ್ಕೊಂಡು ಬಂತು. ಟಪಾಲು ಚೀಲ್ದಾಗೆ ಕರಿ ಮುದ್ರೆ ಕಾಗ್ದನೂ ಸಿಕ್ತು."

ಸತ್ತವನು ತನ್ನ ಸಾವಿನ ಪತ್ರ ತಾನೇ ಬರೆಯುವುದುಂಟೇ ಎಂದು ಫಿಚೆಟ್ಟರು ಗದರಿದರು.

"ಅವ್ನು ಬರೀತಾನೆ. ಉಯಿಲೇ ಅಷ್ಟು ಮುಂಚೆ ಬರ್ದಿಟ್ಟೋನು," ಅಂದ ಪರ್ನೆಲ್. "ಜಿಪುಣ ಅಂದ್ರೆ ಜಿಪುಣ. ನನ್ನ ಹತ್ರ ಸಿಂಪಿ ತಗೊಂಡು, ಖಾಲಿ ಚಿಪ್ಪು ವಾಪಸ್ ಕೊಟ್ಟು, ಅದಕ್ಕೆ ದುಡ್ಡಲ್ಲಿ ಒಂದಿಷ್ಟು ಕಮ್ಮಿ ಮಾಡು ಅಂದೋನು. ಆದ್ರೆ ಉಯಿಲು ಮಾತ್ರ ದೊಡ್ಡ ಮನ್ಸಿಂದು. ಈಗ ದಕ್ಕೇಲಿ ಅದ್ನೇ ಓದ್ತಾವ್ರೆ. ಇಳಿತ ಬಂದ ಕೂಡ್ಲೇ ಅವ್ನ ಆಳುಗಳೆಲ್ಲ ಹಡಗು ಹತ್ತಿ ಫಿಲಡೆಲ್ಫಿಯಾ ಕಡೆ ಹೋಗ್ತಾವ್ರೆ. ಅಲ್ಲಿ ಮುಟ್ಟಿದ್ರೆ ಮತ್ತೆ ಯಾರ ಕೈಗೂ ಸಿಗಾಕಿಲ್ಲ."

ಫಿಚೆಟ್ಟರು ಇನ್ನೊಂದು ಹುಟ್ಟು ಕಿತ್ತುಕೊಂಡು ಹುಚ್ಚರಂತೆ ನೀರು ಬಡಿದರು.

ದಕ್ಕೆಯಲ್ಲಿ ಊರೆಲ್ಲ ಸೇರಿತ್ತು. ಮೇಜಿನ ಮೇಲೆ ಹೊಗೆಯಾಡಿಸಿದ ಹಂದಿಯ ತೊಡೆ, ರೊಟ್ಟಿ, ಸೇಬಿನ ಹೆಂಡ. ನಡುವೆ ಸೆವರ್ನ್ ಬೆಲೋಟರು ನಿಂತು ಉಯಿಲನ್ನು ರಾಗವಾಗಿ ಓದುತ್ತಿದ್ದರು. ಅವರು ನಮ್ಮ ನ್ಯಾಯಾಧೀಶರು. ಫಿಚೆಟ್ಟರ ಹೊಲಕ್ಕೆ ಅಂಟಿಕೊಂಡೇ ಇದೆ ಅವರ ಹೊಲ, ಫಿಚೆಟ್ಟರ ಉಯಿಲು ಇದ್ದದ್ದೂ ಅವರ ಪೆಟ್ಟಿಗೆಯಲ್ಲೇ. ಹೆಂಗಸರು ಮೂಗೊರೆಸಿಕೊಳ್ಳುತ್ತಿದ್ದರು. ಹಡಗಿನ ಹಲಗೆಯ ಬಳಿ ಲೇಯಾ ಗಂಟು ಕಟ್ಟಿಕೊಂಡು ನಿಂತಿದ್ದಳು, ಮಗಳ ಮುಂಗೈ ಹಿಡಿದಿದ್ದಳು. ಹಿಂದೆ ಮೂವರು ಗಂಡಾಳುಗಳು. ಅಳದೆ ಇದ್ದವರು ಆ ಐವರು ಮಾತ್ರ.

"ನಾನು ಸತ್ತಿಲ್ಲ!" ಎಂದು ಕೂಗುತ್ತ ಫಿಚೆಟ್ಟರು ಬರಿಗಾಲಲ್ಲಿ ಮೇಜಿನ ಬಳಿಗೆ ಬಂದರು. ಇಬ್ಬರು ಹೆಂಗಸರು ಚೀರಿದರು. ಅವರಲ್ಲಿ ಮ್ಯಾಪಮ್ಮ ಸ್ವಲ್ಪ ತಡವಾಗಿ ಚೀರಿದರು. ಬೆಲೋಟರು ಕನ್ನಡಕ ಏರಿಸಿ, ಕೆಸರಿನಲ್ಲಿ ಮುಖ ಹುಡುಕಿ, ಸಂತೋಷ ತೋರಿಸಿ, ಆಮೇಲೆ ಗಂಟಲು ಸರಿಮಾಡಿಕೊಂಡರು.

"ನೀವು ಬದುಕಿರೋದು ಕಣ್ಣಿಗೆ ಕಾಣ್ತದೆ ಫಿಚೆಟ್ರೇ. ಆದ್ರೆ ಕರಿ ಮುದ್ರೆ ಒತ್ತಿದೀರಿ, ಕಾಗದ ಬೇರೇನೋ ಹೇಳ್ತದೆ. ಅದನ್ನ ಇಲ್ಲೇ ಒಡೆದು ಎಲ್ಲರೆದುರು ಓದೋಣ. ಸಾವಿನ ಮಾತು ಅದರಲ್ಲಿ ಇಲ್ಲದಿದ್ರೆ ಇವರನ್ನ ನಿಮ್ಮ ಮನೆಗೆ ವಾಪಸ್ ಕಳಿಸ್ತೀನಿ."

ಮ್ಯಾಪಮ್ಮ ಪತ್ರ ತಂದು ಮೇಜಿನ ಮೇಲಿಟ್ಟರು. ಫಿಚೆಟ್ಟರ ಕೆಸರಿನ ಒಳಗೇ ಬೆವರು ಹರಿಯಿತು. ಒಡೆದರೆ ಐದು ಜನ ಆಳುಗಳು ಉಳಿಯುತ್ತಾರೆ. ಆದರೆ ಹೊಗೆಸೊಪ್ಪಿಗೂ ಸಕ್ಕರೆಗೂ ನಡುವಿನ ಆ ಎರಡು ಸಾಲು ಊರಿಗೆಲ್ಲ ಕೇಳಿಸುತ್ತದೆ. ಮುಂದಿನ ಸಾಲಿನ ಆಸನ ಹೋಗುತ್ತದೆ, ಎದುರಿಗೆ ಬಂದವರು ಟೋಪಿ ತೆಗೆಯುವುದು ನಿಲ್ಲುತ್ತದೆ, ಸತ್ತಾಗ ಅಳುವವರಿರುವುದಿಲ್ಲ. ಇದು ಮನೆಯ ಪತ್ರ, ಹೆಂಡತಿಯ ಕಡೆಯವರ ಮಾತು, ಹತ್ತು ಜನರೆದುರು ಓದುವಂಥದ್ದಲ್ಲ ಎಂದು ಅವರು ತೊದಲಿದರು.

"ಓದಿಸಿ ಧಣಿ," ಅಂದಳು ಲೇಯಾ. ಇಡೀ ದಿನದಲ್ಲಿ ಅವಳಾಡಿದ್ದು ಅಷ್ಟೇ. "ನನ್ ಮಗಳೂ ಕೇಳ್ಲಿ."

ಜುಡಿತ್ ತಲೆಯೆತ್ತಿ ನೋಡಿದಳು. ಫಿಚೆಟ್ಟರು ಪತ್ರವನ್ನು ಎರಡೂ ಕೈಯಿಂದ ಅವುಚಿ ಹಿಡಿದರು. ಹೀಗೆ ಸಿಕ್ಕಿಬಿದ್ದ ಮನುಷ್ಯ ಮಾಡುವುದನ್ನೇ ಅವರೂ ಮಾಡಿದರು, ಭಾಷಣ ಬಿಗಿದರು. ಓದುವುದೇನೂ ಬೇಕಾಗಿಲ್ಲ, ಸಾವಿನ ನಂತರ ಕೊಡಬೇಕೆಂದದ್ದನ್ನು ಬದುಕಿದ್ದೇ ಕೊಡುವ ಯೋಗವನ್ನು ದೇವರು ಇಂದು ಕೆಸರಿನಲ್ಲಿ ತೋರಿಸಿದ, ಇವರನ್ನು ಈ ಕ್ಷಣವೇ ಬಿಟ್ಟೆ ಎಂದರು. ಹೇಳುವಾಗ ಗದ್ಗದವಾಯಿತು. ಅದೊಂದೇ ನಿಜವಾದದ್ದು.

ಬೆಲೋಟರ ಕೈಯಲ್ಲಿ ಬಿಡುಗಡೆ ಪತ್ರ ಸಿದ್ಧವಾಗಿ ಇತ್ತು. ಬದುಕಿರುವವನ ಹೆಸರಿನಲ್ಲೇ ಬರೆದದ್ದು, ಸಾಕ್ಷಿಗಳ ಸಹಿಗೆ ಜಾಗ ಬಿಟ್ಟದ್ದು. ಆ ಗದ್ದಲದಲ್ಲಿ ಅದು ಯಾವಾಗ ಬರೆದದ್ದೆಂದು ಕೇಳಲು ಫಿಚೆಟ್ಟರಿಗೆ ಹೊಳೆಯಲಿಲ್ಲ. ಕೆಸರು ಬೆರಳಿನಲ್ಲೇ ಸಹಿ ಹಾಕಿದರು. ನಾಲ್ಕು ಸಾಕ್ಷಿಗಳ ಸಹಿಯೂ ಬಿತ್ತು. ನೀರು ಇಳಿಯತೊಡಗಿತು. ಲೇಯಾ ಮಗಳನ್ನು ಮುಂದೆ ಬಿಟ್ಟುಕೊಂಡು ಹಲಗೆ ಹತ್ತಿದಳು. ತಿರುಗಿ ನೋಡಲಿಲ್ಲ, ನಮಸ್ಕಾರ ಹೇಳಲಿಲ್ಲ. ನಾನಾಗಿದ್ದರೂ ಹೇಳುತ್ತಿರಲಿಲ್ಲ. ಹಾಯಿ ಬಿಚ್ಚಿಕೊಂಡು ಹಡಗು ಹಳ್ಳದ ಬಾಯಿ ದಾಟಿತು.

ನೆರೆಯವರು ಒಬ್ಬೊಬ್ಬರಾಗಿ ಬಂದು ಫಿಚೆಟ್ಟರ ಕೈ ಕುಲುಕಿ, ಆಮೇಲೆ ತಮ್ಮ ಕೈ ಒರೆಸಿಕೊಂಡು, ಉಳಿದ ಹಂದಿ ತೊಡೆಯನ್ನು ಕಟ್ಟಿಕೊಂಡು ಹೊರಟರು. ಫಿಚೆಟ್ಟರು ಪಡಖಾನೆಯ ಒಲೆಯ ಮುಂದೆ ಕುಸಿದರು. ಹೊಲ ಉಳುವವರಿಲ್ಲ, ಅಡುಗೆ ಮಾಡುವವರಿಲ್ಲ. ಹೋಗಲಿ, ಹೆಸರೊಂದು ಉಳಿಯಿತಲ್ಲ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಪತ್ರವನ್ನು ಬೆಂಕಿಗೆ ಹಾಕಲು ಹೋದಾಗ ಮ್ಯಾಪಮ್ಮ ಬಟ್ಟಲು ತಂದಿಟ್ಟರು.

"ಸುಡೋದ್ಯಾಕೆ ಫಿಚೆಟ್ರೇ? ಎಲ್ರೂ ಓದಿಯಾಯ್ತು."

ಫಿಚೆಟ್ಟರಿಗೆ ಅರ್ಥವಾಗಲಿಲ್ಲ. ಮ್ಯಾಪಮ್ಮ ಬಿಡಿಸಿ ಹೇಳಿದರು. ಕರಿ ಮುದ್ರೆ ಕಂಡಮೇಲೆ ಯಾರು ಸತ್ತರೆಂದು ತಿಳಿಯದೆ ಇರಲಾಗುತ್ತದೆಯೇ? ಕಾದ ಚಾಕು ಆಡಿಸಿದರೆ ಅರಗು ಹಾಗೇ ಏಳುತ್ತದೆ, ಮತ್ತೆ ಹಾಗೇ ಕೂರುತ್ತದೆ. ಬೆಳಗಿನ ರೊಟ್ಟಿಯ ಹೊತ್ತಿಗೇ ಬೆಲೋಟರಿಗೆ ತೋರಿಸಿದರಂತೆ, ಅವರು ಬಂದುಹೋಗುವವರಿಗೆಲ್ಲ ಓದಿ ಹೇಳಿದರಂತೆ. ಅಷ್ಟರಲ್ಲಿ ಖಾಲಿ ದೋಣಿ ಬಂತು.

"ದೋಣಿ ಖಾಲಿ ಇದ್ರೇನು, ನಾನಂತೂ ಸತ್ತಿರಲಿಲ್ವಲ್ಲ!"

"ಸತ್ತಿಲ್ಲ ಅಂತ ಗೊತ್ತಿತ್ತು. ನೀವು ದಿಬ್ಬದ ಮೇಲೆ ಅಂಗಿ ಬೀಸ್ತಿದ್ರಿ, ದುರ್ಬೀನಿನಲ್ಲಿ ಸರದಿ ಮೇಲೆ ನೋಡಿದ್ವಿ. ಉಯಿಲು ಓದಿ ಮುಗಿಯೋ ಹೊತ್ತಿಗೆ ಕರ್ಕೊಂಡು ಬಾ ಅಂತ ಪರ್ನೆಲ್‌ನ ಕಳಿಸಿದ್ದೂ ನಾವೇ."

ಹಾಗಿದ್ದರೆ ಎಲ್ಲರೂ ಅಷ್ಟು ಹೊತ್ತು ಅತ್ತದ್ದೇಕೆ ಎಂದು ಫಿಚೆಟ್ಟರು ಕೇಳಿದರು.

"ಬೆಲೋಟ್ ಸಾಹೇಬ್ರು ಅಳಿ ಅಂದ್ರು. ಅತ್ರೆ ನೀವು ಸಹಿ ಹಾಕ್ತೀರಿ ಅಂದ್ರು."

ಲೇಯಾಳ ಮಗಳ ಮೇಲಿನ ಮರುಕದಿಂದ ಹೀಗೆ ಮಾಡಿದಿರಾ ಎಂದು ಫಿಚೆಟ್ಟರು ಕೇಳಿದರು. ಹೌದೆಂದಿದ್ದರೆ ಒಂದಿಷ್ಟು ಸಮಾಧಾನವಾಗುತ್ತಿತ್ತೋ ಏನೋ. ಮ್ಯಾಪಮ್ಮ ಒಲೆ ಕೆದಕಿದರು. ಅವರ ಅಡುಗೆಮನೆಯಲ್ಲೇ ಇಬ್ಬರು ಗುಲಾಮ ಹೆಂಗಸರು ಪಾತ್ರೆ ತಿಕ್ಕುತ್ತಿದ್ದರು. ಬೆಲೋಟರ ಹೊಲದಲ್ಲಿ ಹನ್ನೆರಡು ಜನ.

ಬಾಗಿಲು ತೆರೆಯಿತು. ಬೆಲೋಟರು ಕಾಲೊರೆಸಿಕೊಂಡು ಒಳಗೆ ಬಂದರು, ಕುರ್ಚಿ ಎಳೆದುಕೊಂಡು ಫಿಚೆಟ್ಟರ ಎದುರಿಗೇ ಕುಳಿತರು, ಅವರ ಮೊಣಕಾಲನ್ನು ಪ್ರೀತಿಯಿಂದ ತಟ್ಟಿದರು.

"ಆಳಿಲ್ಲದ ಹೊಲ ಇಟ್ಕೊಂಡು ಏನ್ ಮಾಡ್ತೀರಿ ಫಿಚೆಟ್ರೇ," ಎಂದರು. "ಎಷ್ಟಕ್ಕೆ ಕೊಡ್ತೀರಿ, ಹೇಳಿ."