ದೇವರಾದ ಉಪ್ಪಿನಕಾಯಿ ಕಲ್ಲು

ಉಪ್ಪಿನಕಾಯಿ ಪೀಪಾಯಿಯ ಮುಚ್ಚಳದ ಮೇಲೆ ಭಾರಕ್ಕೆಂದು ಹೇರುವ ಕಲ್ಲನ್ನು ತೊಳೆದು ಬಿಸಿಲಿಗಿಡಿ ಎಂದಷ್ಟೇ ಸೆತ್ಸುಯೊ ಗಂಡನಿಗೆ ಹೇಳಿದ್ದು. ನಿಷಿವಾಕಿ ಅದನ್ನು ಕ್ಯೋಟೋದ ತನ್ನ ಗಲ್ಲಿಯ ಮೂಲೆಯಲ್ಲಿಟ್ಟು, ಟಿವಿಯಲ್ಲಿ ಬೇಸ್‌ಬಾಲ್ ನೋಡಲು ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಕಿನುಎ ಅಜ್ಜಿ, ಹಳೇ ಬೀದಿಗಳ ಪರಂಪರೆ ನೋಡಬಂದ ಗುಂಪೊಂದನ್ನು ಹಿಂದಿಟ್ಟುಕೊಂಡು ಬಂದಳು. ಗಲ್ಲಿಯಲ್ಲಿ ಸಾಮಾನು ಬಿಟ್ಟವರಿಗೆ ಬೀದಿ ಸಂಘದ ಸಭೆಯಲ್ಲಿ ಬೆವರಿಳಿಸುವವಳೂ ಅವಳೇ.

"ನಿಷಿವಾಕಿಯವ್ರೆ, ಈ ಕಲ್ಲು ನಿಮ್ದಾ?"

"ಛೆ ಛೆ! ನಮ್ಮ ತಾತನ ಕಾಲದಿಂದ್ಲೂ ಅಲ್ಲೇ ಇದೆಯಲ್ಲ!"

"ಹೌದಾ? ನನ್ನ ಕಣ್ಣಿಗೇ ಬಿದ್ದಿಲ್ವಲ್ಲ!" ಅಜ್ಜಿ ಬಗ್ಗಿ ನೋಡಿದಳು. "ಅಯ್ಯೋ, ಮುಖ ಸವೆದುಹೋಗಿದೆ. ಮಕ್ಕಳನ್ನ ಕಾಯೋ ಜಿಜೋ ದೇವ್ರು ಕಣ್ರೋ ಇದು!"

ಗುಂಪು ಕೈಮುಗಿಯಿತು. ಯಾರೋ ಫೋಟೋ ತೆಗೆದರು, ಯಾರೋ ಅಕ್ಕಿ ಉಂಡೆ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಜಿಜೋಗೆ ಕಟ್ಟುವ ಕೆಂಪು ಎದೆಬಟ್ಟೆ ಕಟ್ಟಿಸಿಕೊಂಡ ಕಲ್ಲು, ಊಟಕ್ಕೆ ಕೂತ ಗುಂಡು ಮಗುವಿನ ಹಾಗೆ ಕಾಣುತ್ತಿತ್ತು.

"ರೀ, ಕಲ್ಲೆಲ್ಲಿ? ಮೂಲಂಗಿಗೆ ಉಪ್ಪು ಹಚ್ಚಿಟ್ಟಿದ್ದೀನಿ."

"ಅದಕ್ಕೆ ಬಡ್ತಿ ಸಿಕ್ಕಿದೆ ಕಣೆ," ಎಂದ ನಿಷಿವಾಕಿ. "ನಾನು ಜನ್ಮಪೂರ್ತಿ ಗುಮಾಸ್ತನಾಗೇ ಉಳಿದೆ. ಅದು ಒಂದೇ ಬೆಳಿಗ್ಗೇಲಿ ದೇವರಾಯ್ತು."

ನಡೆದದ್ದನ್ನು ಕೇಳಿದ ಸೆತ್ಸುಯೊ ಕಲ್ಲನ್ನು ಕಟ್ಟಿ ತರಲು ಅವನ ಕೈಗೊಂದು ಗಂಟುಬಟ್ಟೆ ತುರುಕಿ ಹೊರಗಟ್ಟಿದಳು. ಅವನು ಕಲ್ಲಿಗೆ ಬಟ್ಟೆ ಸುತ್ತುವಷ್ಟರಲ್ಲಿ ಬೆನ್ನ ಹಿಂದೆ ಅಜ್ಜಿಯ ದನಿ.

"ದೇವರನ್ನ ಎಲ್ಲಿಗೆ ಹೊರಡಿಸಿದ್ರಿ?"

"ಸ್ನಾ... ಸ್ನಾನಕ್ಕೆ."

"ಎಂಥಾ ಭಕ್ತಿ! ಇರ್ಲಿ ಬಿಡಿ, ಸ್ನಾನ ನಾನೇ ಮಾಡಿಸ್ತೀನಿ. ಯಾಕೆ ಮುಖ ಬಾಡಿದೆ?"

"ಮನೇಲಿ ಉಪ್ಪಿನಕಾಯಿ ಕಲ್ಲು ಕಾಣ್ತಿಲ್ಲ. ಸೆತ್ಸುಯೊ ರೇಗ್ತಿದ್ದಾಳೆ."

"ಅಷ್ಟೇನಾ? ನಮ್ಮನೇದು ತಗೊಂಡ್ಹೋಗಿ. ನಮ್ಮತ್ತೆ ಕಾಲದ್ದು. ನಂಗೀಗ ಅಂಗಡಿ ಉಪ್ಪಿನಕಾಯೇ ಸಾಕು."

ಬಚಾವಾದೆ ಅಂದುಕೊಂಡು ನಿಷಿವಾಕಿ ಆ ಕಲ್ಲನ್ನು ಏದುಸಿರು ಬಿಡುತ್ತ ಹೊತ್ತು ತಂದ. ಸೆತ್ಸುಯೊ ಅದಕ್ಕೆ ಮೆತ್ತಿದ್ದ ಹಳೇ ಉಪ್ಪಿನ ಹಕ್ಕಳೆಯನ್ನು ನಾರಿನಿಂದ ಉಜ್ಜಿದಳು. ಮೊದಲು ಮುಗಿದ ಎರಡು ಕೈ ಕಂಡವು. ಆಮೇಲೆ ಮುಚ್ಚಿದ ಕಣ್ಣು, ಸಣ್ಣದೊಂದು ನಗು.

ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯಲ್ಲೇ ಮೊಣಕಾಲೂರಿದರು.

"ಹೋಗಿ ಅಜ್ಜಿಗೆ ಹೇಳ್ರೀ!"

"ಯಾವ ಬಾಯಲ್ಲಿ ಹೇಳ್ಲಿ? ಇದು ದೇವರು ಅಂದ್ರೆ, ಮೂಲೇಲಿರೋದು ಯಾರು ಅಂತ ಕೇಳ್ತಾಳೆ."

ಸೆತ್ಸುಯೊ ಎದ್ದಳು. ಜಿಜೋ ದೇವರನ್ನು ನಡುಮನೆಯ ಗೂಡಿನಲ್ಲಿ ಕೂರಿಸಿ, ಮುಂದೊಂದು ಬಟ್ಟಲು ಚಹಾ ಇಟ್ಟಳು. ವಾಪಸ್ಸು ಬಂದು ಪೀಪಾಯಿಗೆ ಮುಚ್ಚಳ ಹಾಕಿ, ಅದರ ಮೇಲೊಂದು ಮೆತ್ತೆ ಹಾಸಿದಳು.

"ಬನ್ನಿ, ಕೂತ್ಕೊಳ್ಳಿ."

"ಎಷ್ಟು ಹೊತ್ತು?"

"ಮೂಲಂಗಿ ನೀರು ಬಿಡೋವರೆಗೂ."