ಕೆಂಪು ಗಾಡಿಯ ಬಲಗಡೆ ಸೀಟು

ಎರಡನೇ ಶನಿವಾರ ಬೆಳಿಗ್ಗೆ ವಿಠ್ಠಲ ಅಂಗಳದ ತಂತಿಯ ಮೇಲೆ ಒಗೆದ ಬಟ್ಟೆ ಹಾಕುತ್ತಿದ್ದ. ಅವನ ಎತ್ತರ ಆರಡಿ ನಾಲ್ಕಿಂಚು. ಚಿತ್ತಾಪುರದ ಆ ಓಣಿಯಲ್ಲಿ ಯಾರ ಮನೆಯ ಜೇಡರ ಬಲೆ ತೆಗೆಯುವುದಿದ್ದರೂ, ಯಾರ ಅಟ್ಟದ ಡಬ್ಬಿ ಇಳಿಸುವುದಿದ್ದರೂ ಅವನನ್ನೇ ಕರೆಯುತ್ತಿದ್ದರು. ಹೆಂಡತಿಯ ಹಸಿ ಸೀರೆ ಅರ್ಧ ಹರವಿದ್ದಾಗ ಫೋನು ಬಂತು. ಶಹಾಬಾದಿನಿಂದ ಶಾರದಾಬಾಯಿಯವರು, ಅವನಿಗೆ ಮೂರನೇ ತರಗತಿಯಲ್ಲಿ ಕಲಿಸಿದ ಬಾಯಾರು.

"ವಿಠ್ಠಲ, ಗಾಡಿ ಮಾರೀನಪಾ. ಸಂಜಿ ಐದಕ್ಕ ಹೈದರಾಬಾದಿನ ಲಾರಿ ಬರ್ತದ. ಡಾಕ್ಟ್ರು ನಿನಗ ಮಾತು ಕೊಟ್ಟಿದ್ರಲ್ಲ. ಬರೂದಿದ್ರ ಇವತ್ತ ಬಾ."

ಸೀರೆ ತಂತಿಯ ಮೇಲೆ ಮುದ್ದೆಯಾಗಿಯೇ ಉಳಿಯಿತು.

ಆ ಮಾತಿಗೆ ಮೂವತ್ತು ವರ್ಷವಾಗಿತ್ತು. ವಿಠ್ಠಲ ಆಗ ಶಹಾಬಾದಿನಲ್ಲಿ ಬಾಯಾರ ಓಣಿಯಲ್ಲೇ ಇದ್ದ ಹತ್ತು ವರ್ಷದ ಹುಡುಗ. ಬಾಯಾರ ಗಂಡ ಶ್ರೀನಿವಾಸರಾವ್ ಡಾಕ್ಟರ ಹತ್ತಿರ ಎರಡೇ ಸೀಟಿನ, ಪರದೇಶದ ಕೆಂಪು ಸ್ಪೋರ್ಟ್ಸ್ ಕಾರು ಇತ್ತು. ಗಂಡ ಹೆಂಡತಿ ನಸುಕಿನಲ್ಲೇ ಚಿಂಚೋಳಿ ಕಾಡಿನ ರಸ್ತೆ ಹಿಡಿದು ಹೋಗಿ ಕತ್ತಲಾದ ಮೇಲೆ ಬರುತ್ತಿದ್ದರಂತೆ. ಹಗಲಿನಲ್ಲಿ ಓಣಿಯವರು ಕಂಡದ್ದು ಡಾಕ್ಟರು ಗಾಡಿ ಒರೆಸುವುದನ್ನಷ್ಟೇ. ಹಾಗೆ ಒರೆಸುತ್ತಲೇ ಒಂದು ದಿನ ಅವರು, "ದೊಡ್ಡಾಂವ ಆಗು, ನಡಸಲಿಕ್ಕ ಕೊಡ್ತೀವಿ" ಎಂದಿದ್ದರು.

ವಿಠ್ಠಲ ದೊಡ್ಡವನಾದ. ಬೇಕಾದದ್ದಕ್ಕಿಂತ ಹೆಚ್ಚೇ ದೊಡ್ಡವನಾದ. ಅಷ್ಟರಲ್ಲಿ ಗಾಡಿ ಕೆಟ್ಟು ಶೆಡ್ಡು ಸೇರಿತ್ತು. ಹೋದ ವರ್ಷ ಡಾಕ್ಟರು ತೀರಿಕೊಂಡರು. ಈಗ ಮಾರಲೆಂದು ಗುಲಾಮ ದಸ್ತಗೀರ ಎಂಬ ಮೇಸ್ತ್ರಿ ಅದಕ್ಕೆ ಮತ್ತೆ ಜೀವ ತುಂಬಿದ್ದ.

ಎಂಟು ವರ್ಷದ ಮಗಳು ಪ್ರಮಿತಾಳನ್ನು ಕರೆದುಕೊಂಡು, ಬಸ್ಸಿನಲ್ಲಿ ವಾಡಿ ಊರು ದಾಟಿ, ವಿಠ್ಠಲ ಹತ್ತೂವರೆಗೆ ಶಹಾಬಾದಿನಲ್ಲಿ ಇಳಿದ. ಗಾಡಿ ಅಂಗಳದ ಫರ್ಸಿಕಲ್ಲಿನ ಹಾಸಿನ ಮೇಲೆ ನಿಂತಿತ್ತು. ಚಿಕ್ಕವನಿದ್ದಾಗ ಅದು ರಥದಷ್ಟು ದೊಡ್ಡದಾಗಿ ಕಂಡಿತ್ತು. ಈಗ ಅದರ ಚಾವಣಿ ಅವನ ಸೊಂಟಕ್ಕೂ ಬರಲಿಲ್ಲ.

"ಕುಂದ್ರಿ ಸಾಬ್" ಎಂದ ದಸ್ತಗೀರ.

ವಿಠ್ಠಲ ಬಲಗಾಲು ಇಟ್ಟ, ತಲೆ ಹೊರಗುಳಿಯಿತು. ತಲೆ ಇಟ್ಟ, ಎಡಗಾಲು ಹೊರಗುಳಿಯಿತು. ಚಾವಣಿಯ ಬಟ್ಟೆ ಬಿಚ್ಚಿದ ಮೇಲೆ ಮೇಲಿನಿಂದ ಇಳಿದ. ಲಗ್ನ ಮುಗಿದ ಮೇಲೆ ಮಡಚಿಟ್ಟ ಕುರ್ಚಿಯ ಹಾಗೆ ಕಂಡ. ಸೀಟು ಸ್ಟೇರಿಂಗಿಗೆ ಅಂಟಿಕೊಂಡಂತೆ ಮುಂದಿದ್ದುದರಿಂದ ಅವನ ಮೊಣಕಾಲುಗಳು ಅದರ ಎರಡೂ ಕಡೆ ಎದ್ದು ನಿಂತವು. ಇಂಜಿನ್ನು ಶುರು ಮಾಡಿ ಗೇರು ಹಾಕಿದರೆ, ಬೂಟು ಒಂದೇ ತುಳಿತಕ್ಕೆ ಬ್ರೇಕು, ಎಕ್ಸಿಲರೇಟರು ಎರಡನ್ನೂ ಒತ್ತಿತು. ಗಾಡಿ ಮೊಳದಷ್ಟು ಜಿಗಿದು ನಿಂತಿತು.

ಕಟ್ಟೆಯ ಮೇಲೆ ಶಾರದಾಬಾಯಿ ಕೂತಿದ್ದರು. ಪ್ರಮಿತಾ ಅವರ ಕಾಲ ಬುಡದಲ್ಲಿದ್ದಳು. ಗಾಡಿ ಜಿಗಿದ ಕ್ಷಣ ಅಜ್ಜಿಯ ಬಲಗಾಲು ಚಪ್ಪಲಿಯ ಸಮೇತ ಫರ್ಸಿಯನ್ನು ಗಟ್ಟಿಯಾಗಿ ಒತ್ತಿದ್ದನ್ನು ಅವಳು ನೋಡಿದಳು.

"ಅಜ್ಜಿ, ನೀವು..." ಎಂದು ಬಾಯಿ ತೆರೆದಳು. ದೊಡ್ಡವರು ಮಾತಾಡುವಾಗ ಸುಮ್ಮನಿರಬೇಕೆಂದು ವಿಠ್ಠಲ ಗಾಡಿಯೊಳಗಿಂದಲೇ ಗದರಿದ.

ಅಷ್ಟರಲ್ಲಿ ಪಕ್ಕದ ಮನೆಯ ನಾಗೇಂದ್ರಪ್ಪನವರು ಬಂದರು. ರೈಲ್ವೆ ಗಾರ್ಡಾಗಿ ರಿಟೈರಾದ ಮೇಲೆ ಅವರು ಹೊತ್ತು ಕಳೆಯಲು ಹೊರಸಿಗೆ ನುಲಿಹಗ್ಗ ಹೆಣೆಯುತ್ತಿದ್ದರು. ಓಣಿಯ ಅರ್ಧ ಜನ ಅವರ ಹೊರಸಿನ ಮೇಲೆಯೇ ಮಲಗುತ್ತಿದ್ದರು.

"ಮೂವತ್ತು ವರ್ಷ ಗಾಡಿ ನೋಡೀನಿ. ನನ್ನ ಮಾತು ಕೇಳ್ರಿ, ಸೀಟು ಹಿಂದ ಸರಸ್ರಿ" ಎಂದರು.

"ನಿಮ್ಮ ಗಾಡಿ ಹಳಿ ಮ್ಯಾಲೆ ಓಡ್ತಿತ್ತು ಸಾಬ್, ಸ್ಟೇರಿಂಗಿನ ಚಿಂತಿ ಇರ್ಲಿಲ್ಲ" ಎಂದ ದಸ್ತಗೀರ. ಆದರೂ ಎಣ್ಣೆ ಹಾಕಿ, ಸುತ್ತಿಗೆಯಿಂದ ಬಡಿದ. ಸೀಟು ಇದ್ದಲ್ಲೇ ತುಕ್ಕು ಹಿಡಿದು ಕೂತಿತ್ತು, ಒಂದು ಗೆರೆಯೂ ಸರಿಯಲಿಲ್ಲ.

ಡಾಕ್ಟರ ಹೊಟ್ಟೆ ಊರಿಗೇ ಗೊತ್ತಿದ್ದದ್ದು. ಅಷ್ಟು ದೊಡ್ಡ ಹೊಟ್ಟೆ ಇಷ್ಟು ಸಣ್ಣ ಸಂದಿಯಲ್ಲಿ ಹೇಗೆ ಹಿಡಿಯುತ್ತಿತ್ತು ಎಂದು ವಿಠ್ಠಲ ಕೇಳಿದ. ಆಗಿನ ಜನರ ಮೈಯೇ ಬೇರೆ ಎಂದು ನಾಗೇಂದ್ರಪ್ಪ ತೀರ್ಮಾನ ಕೊಟ್ಟರು. ಶಾರದಾಬಾಯಿ ಸೆರಗು ಸರಿಮಾಡಿಕೊಂಡು, ಚಹಾ ತರಲು ಒಳಗೆ ಹೋದರು.

ಕೊನೆಗೆ ದಸ್ತಗೀರ ಸೀಟನ್ನೇ ಕಿತ್ತು ಹೊರಗಿಟ್ಟ. ಸಂಜೆ ಮತ್ತೆ ಇದ್ದಲ್ಲೇ ಕೂಡಿಸಬೇಕೆಂಬ ಒಂದೇ ಷರತ್ತಿನ ಮೇಲೆ ಬಾಯಾರು ಒಪ್ಪಿದರು. ಖಾಲಿ ಜಾಗದ ಹಿಂಭಾಗಕ್ಕೆ ಕಬ್ಬಿಣದ ಚೌಕಟ್ಟು ಕೂಡಿಸಿದರು. ಗಾದಿ ಬೇಡ, ನುಲಿ ಸಾಕು, ನಾಲ್ಕು ಬೆರಳು ಕೆಳಗಿಳಿಯುತ್ತಾನೆ ಎಂದು ನಾಗೇಂದ್ರಪ್ಪ ಹಗ್ಗ ತಂದು ಹೆಣೆಯಲು ಕೂತರು. ಅವರ ಕೈ ಚುರುಕಾಗಿತ್ತು, ಆದರೆ ಬಾಯಿ ಅದಕ್ಕಿಂತ ಚುರುಕಾಗಿತ್ತು. ಹೆಣಿಗೆ ಮುಗಿದಾಗ ಮೂರೂವರೆ.

ವಿಠ್ಠಲ ಬರಿಗಾಲಲ್ಲಿ ಇಳಿದ. ಮೊಣಕಾಲು ಸ್ಟೇರಿಂಗಿನ ಕೆಳಗೆ ಹೋದವು. ತಲೆ ಗಾಜಿನ ಅಂಚಿಗಿಂತ ಕೆಳಗೆ ಬಂತು. ಪಾದಕ್ಕೆ ಒಂದೊಂದೇ ಪೆಡಲು ಸಿಕ್ಕಿತು. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಗಾಡಿ ಅವನಿಗೆ ಒಪ್ಪಿತು. ಅವನ ಕಣ್ಣು ತುಂಬಿ ಬಂತು.

"ಪೆಟ್ರೋಲ್?" ಎಂದ ದಸ್ತಗೀರ, ತನ್ನಷ್ಟಕ್ಕೆ.

ಬೆಳಿಗ್ಗೆ ಇದ್ದ ನಾಲ್ಕು ಹನಿ ಪೆಟ್ರೋಲು ಆ ಜಿಗಿತಕ್ಕೇ ಮುಗಿದಿತ್ತು. ಅವನು ಡಬ್ಬಿ ಹಿಡಿದು ಸೈಕಲ್ ಹತ್ತಿದ. ಎದ್ದರೆ ಮತ್ತೆ ಕೂಡಲಿಕ್ಕೆ ಆಗುತ್ತದೋ ಇಲ್ಲವೋ ಎಂಬ ಭಯಕ್ಕೆ ವಿಠ್ಠಲ ಎದ್ದೇಳಲಿಲ್ಲ. ಚಹಾವನ್ನೂ ಅಲ್ಲೇ ಕುಡಿದ. ನಲವತ್ತು ನಿಮಿಷ ಕೂತ.

ಹೊಸ ನುಲಿಯ ಸ್ವಭಾವ ಆ ಕಡೆಯ ಮನೆಮನೆಗೂ ಗೊತ್ತು. ಮೊದಲು ಮಲಗಿದವನ ಭಾರಕ್ಕೆ ಅದು ಜೋಲುತ್ತದೆ. ಎರಡು ದಿನ ಬಿಟ್ಟು ಮತ್ತೆ ಬಿಗಿಯಬೇಕು. ಹೊರಸು ಒಯ್ದವರಿಗೆಲ್ಲ ನಾಗೇಂದ್ರಪ್ಪ ಇದನ್ನು ಮರೆಯದೆ ಹೇಳುತ್ತಿದ್ದರು. ಇದು ಹೊರಸಲ್ಲವಲ್ಲ ಎಂದುಕೊಂಡು ಇವತ್ತು ಮಾತ್ರ ಹೇಳಿರಲಿಲ್ಲ.

ಇಂಜಿನ್ನು ಶುರುವಾದಾಗ ವಿಠ್ಠಲನಿಗೆ ರಸ್ತೆ ಕಾಣಲಿಲ್ಲ. ಬಾವಿಗೆ ಇಳಿದವನ ಹಾಗೆ ಮೇಲಿನ ಆಕಾಶ ಮಾತ್ರ ಕಂಡಿತು. ನುಲಿ ಜೋತು ಅವನ ಹಿಂಭಾಗ ಗಾಡಿಯ ತಳಕ್ಕೆ ತಾಗಿತ್ತು. ಏಳಲು ನೋಡಿದ, ಆಗಲಿಲ್ಲ. ಇಬ್ಬರು ಎರಡೂ ರಟ್ಟೆ ಹಿಡಿದು ಮೂಲಂಗಿ ಕಿತ್ತಂತೆ ಅವನನ್ನು ಹೊರಗೆ ಎಳೆದರು.

ಅವನು ಸೊಂಟ ಹಿಡಿದು ನಿಂತಾಗ ನಾಲ್ಕೂವರೆಯಾಗಿತ್ತು.

"ಬಿಡ್ರಿ ಬಾಯಾರ. ಡಾಕ್ಟ್ರು ಮಾತು ಕೊಟ್ರು. ನಾ ಬೆಳೆದು ಕೆಡಿಸಿದೆ" ಎಂದ.

ಎಡಗಡೆಯಾದರೂ ಕೂರೋಣವೆಂದರೆ ಆ ಸೀಟಿನ ಮುಂದೆ, ಕಾಲಿಡುವಲ್ಲಿ, ದಸ್ತಗೀರ ಈಗ ಹೊಸದಾಗಿ ಕೂಡಿಸಿದ ಬ್ಯಾಟರಿ ಪೆಟ್ಟಿಗೆ. ಅಲ್ಲಿ ಮಕ್ಕಳ ಕಾಲು ಬಿಟ್ಟರೆ ಬೇರೆ ಯಾರದೂ ಹಿಡಿಯುತ್ತಿರಲಿಲ್ಲ. ದಸ್ತಗೀರ ನುಲಿ ತೆಗೆದು, ಹಳೆಯ ಸೀಟನ್ನು ಹಳೆಯ ಜಾಗದಲ್ಲೇ ಬಿಗಿದ. ಸರಿ ಕೂತಿದೆಯೇ ನೋಡಬೇಕಿತ್ತು. ಅವನು ಕುಳ್ಳಗಿನವರಿಗಾಗಿ ಸುತ್ತ ನೋಡಿದ.

"ಬಾಯಾರ, ಒಂದೀಟು ಕುಂತು ನೋಡ್ತೀರೇನ್ರಿ?"

ಶಾರದಾಬಾಯಿ ಬಹಳ ಹೊತ್ತು ಗಾಡಿ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಸೀರೆಯ ನಿರಿಗೆ ಒಂದು ಕೈಯಲ್ಲಿ ಹಿಡಿದು, ಮೊದಲು ಕೂತು, ಎರಡೂ ಕಾಲು ಒಟ್ಟಿಗೆ ಒಳಗೆ ತೆಗೆದುಕೊಂಡರು. ಬೆನ್ನು ಸೀಟಿಗೆ ಅಂಟಿತು, ಪಾದ ಪೆಡಲಿಗೆ ಮುಟ್ಟಿತು. ಎಡಗಾಲು ಕ್ಲಚ್ಚು ಒತ್ತಿತು. ಎಡಗೈ ಗೇರನ್ನು ನೋಡದೆಯೇ ಹಿಡಿದು, ಒಂದನೆಯದರಿಂದ ಎಳೆದು, ಅರೆಗಳಿಗೆ ತಡೆದು, ಎರಡನೆಯದಕ್ಕೆ ಹಾಕಿತು.

"ಎರಡನೇದು ಮೊದಲಿಂದ್ಲೂ ಹಟ ಮಾಡ್ತದ" ಎಂದರು ಮೆಲ್ಲಗೆ, ಯಾರಿಗೂ ಅಲ್ಲ ಎಂಬಂತೆ.

ನಾಗೇಂದ್ರಪ್ಪನವರ ಕೈಯಲ್ಲಿ ನುಲಿಯ ಸುರುಳಿ ಹಾಗೇ ನಿಂತಿತು. ವಿಠ್ಠಲ ಆ ಸಣ್ಣ ಸಂದಿಯನ್ನೂ ಅದರಲ್ಲಿ ನೆಟ್ಟಗೆ ಕೂತ ಬಾಯಾರನ್ನೂ ನೋಡಿದ. ಗೋಡೆಯ ಮೇಲೆ ಹಾರ ಹಾಕಿದ ಡಾಕ್ಟರ ಫೋಟೋ ಬಾಗಿಲೊಳಗಿಂದ ಕಾಣುತ್ತಿತ್ತು. ಲಾರಿ ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು.

ಪ್ರಮಿತಾ ಕಟ್ಟೆಯಿಂದ ಇಳಿದು ಬಂದಳು. ಈ ಸಲ ಅವಳನ್ನು ಯಾರೂ ಗದರಲಿಲ್ಲ. ಎಡಗಡೆಯ ಬಾಗಿಲ ಮೇಲೆ ಗದ್ದ ಊರಿ, ಬೆಳಗಿನಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ಕೇಳಿದಳು.

"ಅಜ್ಜಿ, ಆಗಿಂದ್ಲೂ ಗಾಡಿ ಹೊಡಿಯಾಕಿ ನೀವ ಇದ್ರಲ್ಲಾ? ಹಂಗಾದ್ರ ಬಾಜೂಕ ನಾ ಕುಂದರ್ಲೇನು?"