ಬಿಳಿಯ ಪೈಪಿನ ಅವರೋಹಣ ಪರ್ವ

ಹದಿಹರೆಯದ ಹೆಗಲುಗಳಿಗೆ ನಾಯಕತ್ವದ ನೊಗ ಹೊರಿಸಿಯೇ ತೀರುವೆವೆಂದು ಶಾಲೆಗಳೆಲ್ಲ ಕಂಕಣ ಕಟ್ಟಿ ನಿಂತ ಕಾಲವದು. ರಜೆ ಎಂಬುದು ಮಲಗುವುದಕ್ಕಲ್ಲ, ವ್ಯಕ್ತಿತ್ವ ವಿಕಸನಕ್ಕೆ ಎಂದು ಸಾರುವ ಬ್ಯಾನರುಗಳು ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿದ್ದ ಯುಗವದು. ಅಂಥ ಶಿಬಿರಯುಗದಲ್ಲಿ, ಹಾವೇರಿ ಸೀಮೆಯ ಒಂದು ಪ್ರೌಢಶಾಲೆಯ ಅಂಗಳದಲ್ಲಿ, ಬೇವಿನ ಮರದ ನೆರಳನ್ನೇ ರಾಜಚ್ಛತ್ರವಾಗಿಸಿಕೊಂಡು ನಿಂತಿದ್ದನು ಚರ್ಚಾಸ್ಪರ್ಧಾವಿಜಯಿ, ಧ್ವನಿವರ್ಧಕನಿರಪೇಕ್ಷಕಂಠ, ಒಂಬತ್ತನೆಯ ಇಯತ್ತೆಯ ಕುಲತಿಲಕ ಚನ್ನವೀರ ಕಡಕೋಳ. ಓ ವಾಗ್ದೇವಿ, ನನ್ನ ನಾಲಿಗೆಯ ಮೇಲೆ ಅರೆಗಳಿಗೆ ಕೂತಿರು. ಹೇಳಹೊರಟಿರುವುದು ಸಣ್ಣ ಕಥೆಯೇನಲ್ಲ. ಸಣ್ಣದೇ ಅನ್ನು, ಆದರೂ ಈಗಲೇ ಎದ್ದು ಹೋಗಬೇಡ.

ಆ ದಿನದ ಪಣ ಒಂದು ಕೆಂಪು ರುಮಾಲು. ಆಟ ಗೆದ್ದ ತಂಡದ ನಾಯಕನ ಕೊರಳಿಗೆ ಅದನ್ನು ಕಟ್ಟುವುದಾಗಿಯೂ, ಸೋತ ತಂಡ ಸಾರಿನ ಹಂಡೆ ತಿಕ್ಕತಕ್ಕದ್ದೆಂದೂ ದೈಹಿಕ ಶಿಕ್ಷಣದ ಕಬ್ಬೂರ ಸರ್ ಘೋಷಿಸಿದ್ದರು. ಉಳಿದವರಿಗೆ ಅದು ಬರಿಯ ರುಮಾಲು. ಚನ್ನವೀರನ ಸಂಕಟವೇ ಬೇರೆ. ಹಿಂದಿನ ಸಂಜೆ ಸರ್ ಅವರ ಫೋನಿನಲ್ಲಿ ಮನೆಗೆ ಮಾತಾಡುವ ಸರದಿ ಬಂದಾಗ, ಉಬ್ಬಿದ ಎದೆ ತಡೆಯಲಾರದೆ ಅವನು ತನ್ನ ಅವ್ವನಿಗೆ ಹೇಳಿಬಿಟ್ಟಿದ್ದ: "ರುಮಾಲು ನನಗ ಸಿಕ್ಕೈತಿ." ಅವ್ವ ಅದನ್ನು ಓಣಿಗೆಲ್ಲ ಹಂಚಿಯೂ ಆಗಿತ್ತು. ಈಗ ಸುಳ್ಳನ್ನು ನಿಜ ಮಾಡುವುದೊಂದೇ ದಾರಿ.

ಇನ್ನು ಶತ್ರುವಿನ ವರ್ಣನೆ. ಕರೆಂಟಿನ ವೈರು ಹಾಯಿಸಲು ಬಳಸುವ ಬಿಳಿಯ ಪ್ಲಾಸ್ಟಿಕ್ ಪೈಪು ಅದು. ಕೃಶಾಂಗ, ಶೂನ್ಯೋದರ, ತೂಕವೆಂಬುದನ್ನೇ ಅರಿಯದ ಜೀವಿ. ಹತ್ತು ಮಂದಿ ಎದುರುಬದುರಾಗಿ ನಿಂತು, ತೋರುಬೆರಳುಗಳನ್ನು ಎದೆಯ ಮಟ್ಟಕ್ಕೆ ಚಾಚಿ, ಅವುಗಳ ಮೇಲೆ ಪೈಪನ್ನಿರಿಸಿಕೊಂಡು ನೆಲಕ್ಕೆ ಇಳಿಸಬೇಕು. ಯಾರ ಬೆರಳೂ ಪೈಪನ್ನು ಬಿಡಕೂಡದು, ಬಿಟ್ಟರೆ ಮೊದಲಿಂದ. ಧನುಸ್ಸನ್ನು ಎತ್ತಿ ಹೆಸರಾದವರ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಕೆಳಗಿಡುವುದೇ ಪರಾಕ್ರಮ. ಎದುರಾಳಿ ನಾಯಕಿ ಗೀತಾಂಜಲಿಯ ತಂಡ ಆಗಲೇ ಸೋತು, ನಗುತ್ತ ಕಟ್ಟೆಯ ಮೇಲೆ ಕೂತಿತ್ತು.

ಚನ್ನವೀರನು ಗಂಟಲು ಸರಿಪಡಿಸಿಕೊಂಡು ನುಡಿದನು: "ಎನ್ನ ಗಣದ ವೀರರೇ, ವೀರವನಿತೆಯರೇ, ಗಿರಿಶಿಖರಗಳನ್ನು ಬಾಗಿಸುವ ಛಲವುಳ್ಳ ನಮಗೆ ಈ ಶುಷ್ಕನಾಳವು ಯಾವ ಲೆಕ್ಕ? ಅನ್ಯಗಣ ಸೋತಿತೆಂದರೆ ಅದು ಪೈಪಿನ ಪೌರುಷವಲ್ಲ, ನಾಯಕತ್ವದ ದಾರಿದ್ರ್ಯ. ನಾನು ಇದನ್ನು ಧರಾತಲಕ್ಕೆ ಇಳಿಸದಿದ್ದರೆ ಸಾರಿನ ಹಂಡೆಯನ್ನು ನನ್ನ ಕೈಯಾರೆ ತಿಕ್ಕುವೆನು."

"ನೆನಪಿಟ್ಕೋತೀನಿ," ಎಂದಳು ಕಟ್ಟೆಯಿಂದ ಗೀತಾಂಜಲಿ.

ಸರ್ ಸೀಟಿ ಊದಿದರು. ಪೈಪು ಇಳಿಯಲಿಲ್ಲ, ಏರಿತು. ಎಲ್ಲಿ ತನ್ನ ಬೆರಳು ಬಿಟ್ಟೀತೋ ಎಂಬ ಭಯದಿಂದ ಪ್ರತಿಯೊಬ್ಬರೂ ಕೂದಲೆಳೆಯಷ್ಟು ಒತ್ತುತ್ತಿದ್ದರು. ಹತ್ತು ಕೂದಲೆಳೆ ಸೇರಿ ಪೈಪು ಗದ್ದದ ಮಟ್ಟ ಮುಟ್ಟಿತು. "ಧೃತಿಗೆಡದಿರಿ, ಕೆಳಗೆ, ಕೆಳಗೆ," ಎಂದು ನಾಯಕನು ಗರ್ಜಿಸಲು ಅದು ಬೆಂಕಿ ಜಾಸ್ತಿಯಾದ ಹಾಲಿನ ಹಾಗೆ ಉಕ್ಕಿ ಮೂಗಿನ ಮಟ್ಟಕ್ಕೆ ಬಂತು. ಮಾತು ಮನೆ ಕೆಡಿಸಿತೆಂದು ಕೇಳಿದ್ದೆವು. ಅದು ಪೈಪನ್ನೂ ಎತ್ತುತ್ತದೆಂಬುದು ಅಂದು ತಿಳಿಯಿತು.

ಒಳಜಗಳ ಹೊತ್ತಿಕೊಂಡಿತು.

"ಲೇ, ನೀನ ಎತ್ತಾಕತ್ತೀಯಲೇ."

"ನಾ ಎಲ್ಲಿ ಎತ್ತೇನಿ? ನಂದು ಬರೇ ಹಚ್ಚಿದ್ದು."

"ಬೆರಳು ಬಿಡ್ತು, ಮೊದಲಿಂದ," ಎಂದರು ಸರ್. "ಇದ ಕಡೀ ಸಲ ನೋಡ್ರಪಾ. ಊಟದ ಹೊತ್ತಾತು."

ಸಾಲಿನ ತುದಿಯಲ್ಲಿದ್ದವಳು ತಬಸ್ಸುಮ್. ಎಲ್ಲರಿಗಿಂತ ಗಿಡ್ಡಿ, ಪೈಪು ಏರಿದಷ್ಟೂ ತುದಿಗಾಲಲ್ಲಿ ನಿಂತು ಅವಳ ಮೀನಖಂಡ ಹಿಡಿದುಕೊಂಡಿತ್ತು. ಚನ್ನವೀರನು ಇನ್ನೊಂದು ಭಾಷಣಕ್ಕೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಅವಳೆಂದಳು: "ನೀ ಮಾತಾಡಿದಾಗೊಮ್ಮೆ ಇದು ಮ್ಯಾಲ ಹೊಂಟೈತಿ. ನನಗ ಎಟಕವಲ್ದು."

ನಮ್ಮ ವೀರನ ಮುಖ ಮೊದಲು ಕೆಂಪಾಯಿತು. ಗಂಟಲಲ್ಲಿ ಉಪಮೆಗಳ ಸಮೇತ ಒಂದು ಪೂರ್ಣ ಭಾಷಣ ಸಿದ್ಧವಾಗಿ ನಿಂತಿತ್ತು. ಓಣಿಗೆಲ್ಲ ಸಾರಿದ ಅವ್ವ ಕಣ್ಣಮುಂದೆ ಬಂದಳು. ಕೇಳುಗರೇ, ಅವನು ಆ ಭಾಷಣವನ್ನು ನುಂಗಿದನು; ನನಗಾದರೋ ಆ ಹುಡುಗನ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿದ್ದು ಆಗ.

"ಹಂಗಾರ ನೀನ ಹೇಳು. ಏನ್ ಮಾಡೂಣು?"

"ಯಾರೂ ಬೆರಳು ಇಳಿಸಬ್ಯಾಡ್ರಿ. ಮೊಳಕೈ ಮೈಗೆ ಒತ್ತಿ ಹಿಡ್ಕೊಂಡು ಎಲ್ಲಾರೂ ಕೂಡಿ ಸಾವಕಾಶ ಕುಂದ್ರೂಣು. ನಾವು ಇಳದ್ರ ಅದೂ ಇಳಿತೈತಿ. ಮತ್ತ ಯಾರೂ ಮಾತಾಡಬ್ಯಾಡ್ರಿ."

ಆಗ ನಡೆಯಿತು ಆ ಮಹಾವರೋಹಣ. ಇಪ್ಪತ್ತು ಮೊಣಕಾಲುಗಳು ಒಂದೇ ಮನಸ್ಸಿನಿಂದ ಬಾಗಿದವು. ಪೈಪು ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಮಂಡಿಗೆ, ಒಮ್ಮೆ ನಡುಗಿ, ಒಮ್ಮೆ ಮುನಿಸಿಕೊಂಡು ನಿಂತು, ಮತ್ತೆ ಇಳಿಯಿತು. ಚನ್ನವೀರನು ತುಟಿ ಕಚ್ಚಿಕೊಂಡಿದ್ದನು. ಬೆರಳುಗಳ ಹಿಂಬದಿಗೆ ಮಣ್ಣು ತಾಗಿತು; ಎಲ್ಲರೂ ಮೆಲ್ಲಗೆ ಬೆರಳು ಜಾರಿಸಿಕೊಂಡರು. ಬಿಳಿಯ ಪೈಪು ನೆಲದ ಮೇಲೆ ಮಲಗಿತ್ತು.

ಕೇಕೆ, ಸೀಟಿ, ಬೇವಿನ ಮರದ ಕಾಗೆಗಳ ಪಲಾಯನ. ಕಬ್ಬೂರ ಸರ್ ರುಮಾಲು ಬಿಚ್ಚುತ್ತ ಕೇಳಿದರು, "ಇಳಿಸಿದವರು ಯಾರಪಾ?" ನಮ್ಮ ವೀರನ ಕೈ ತಾನಾಗಿ ಕಾಲರು ಸರಿಪಡಿಸಲು ಹೋಗಿತ್ತು. ಅದನ್ನು ಅಲ್ಲೇ ತಡೆದು ಅವನೆಂದನು, "ತಬಸ್ಸುಮ್ ರೀ ಸರ್." ಅವನ ಜೀವಮಾನದಲ್ಲಿಯೇ ಅದು ಅತಿ ಚಿಕ್ಕ ಭಾಷಣ. ತಬಸ್ಸುಮ್ ರುಮಾಲು ಕಟ್ಟಿಸಿಕೊಂಡು, ಅದರ ತುದಿಯಿಂದ ಮೊದಲು ಮೂಗಿನ ಬೆವರು ಒರೆಸಿಕೊಂಡಳು.

ಅಷ್ಟರಲ್ಲಿ ಅಡುಗೆಯ ಪಾರವ್ವ ಹೊರಬಂದಳು. "ನನ್ನ ಪೈಪ್ ಯಾರು ನೆಲಕ್ಕ ಕೆಡವಿದವರು? ಅರಿವಿ ಒಣಹಾಕೂದೈತಿ. ಎತ್ತಿ ಕೊಡ್ರಿ." ಹತ್ತು ಜನ ಹೆಣಗಿ ಇಳಿಸಿದ್ದನ್ನು ಚನ್ನವೀರನು ಒಂದೇ ಕೈಯಲ್ಲಿ ಎತ್ತಿ ಕೊಟ್ಟನು.

ಇಳಿಸಿದವಳು ತಬಸ್ಸುಮ್, ಅವನಲ್ಲ, ಪ್ರತಿಜ್ಞೆ ಪ್ರತಿಜ್ಞೆಯೇ ಎಂದು ಗೀತಾಂಜಲಿ ಬಿಡಲಿಲ್ಲ. ಸಂಜೆ ಫೋನಿನ ಸರದಿ ಬಂದಾಗ ಅವನ ಮೊಳಕೈವರೆಗೆ ಹಂಡೆಯ ಮಸಿ. ಸರ್ ಫೋನನ್ನು ಅವನ ಕಿವಿಗೆ ಹಿಡಿದರು.

"ರುಮಾಲು ಹಾಕ್ಕೊಂಡೀಯೇನಪಾ?" ಎಂದಳು ಅವ್ವ.

"ಇಲ್ಲವ್ವಾ. ನಿನ್ನಿ ಹೇಳಿದ್ದು ಸುಳ್ಳು. ಅದು ತಬಸ್ಸುಮ್‌ಗ ಹೋತು."

"ಹೌದಾ. ಮತ್ತ ನೀ ಏನ್ ಮಾಡಿದಿ?"

"ಹತ್ತು ಮಂದಿ ಕೂಡಿ ಒಂದು ಪೈಪ್ ನೆಲಕ್ಕ ಇಟ್ಟಿವಿ."

ಆ ಕಡೆ ಒಲೆಯ ಮೇಲೆ ಏನೋ ಕುದಿಯುವುದು ಕೇಳಿಸುತ್ತಿತ್ತು.

"ಉಂಡೀ ಇಲ್ಲೋ?" ಎಂದಳು ಅವ್ವ.